ಮನೆ ಕೆಡವೋ ಮುಂಚೆ ಈ ಲೆಕ್ಕ ಬರೀರಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ ಗಾದೆ ಇದೆ. ‘ಮನೆ ಕೆಡವಿ ನೋಡು’ ಅನ್ನೋದು ಅದರಲ್ಲಿ ಸೇರಿಲ್ಲ. ಖಾಲಿ ಜಾಗದಲ್ಲಿ ಮನೆ ಕಟ್ಟೋದು ಬೇರೆ, ವಾಸ ಇರೋ ಮನೆ ಕೆಡವಿ ಅದೇ ಜಾಗದಲ್ಲಿ ಕಟ್ಟೋದು ಬೇರೆ. ಎರಡನೆಯದಕ್ಕೆ ಎಷ್ಟು ಹೆಚ್ಚು ಬೀಳುತ್ತೆ ಅಂತ ನನಗೆ ಗೊತ್ತಾಗಿದ್ದು ಕೆಡವಿದ ಮೇಲೆ.

ಮೇಸ್ತ್ರಿ ನನಗೆ ಹೇಳಿದ್ದು 11 ಲಕ್ಷ 20 ಸಾವಿರ. ಎಲ್ಲಾ ಮುಗಿಯೋ ಹೊತ್ತಿಗೆ ಆಗಿದ್ದು 18 ಲಕ್ಷ 9 ಸಾವಿರ. ಮೇಸ್ತ್ರಿ ಮೋಸ ಮಾಡಿದ ಅಂತ ಯಾರೂ ತಿಳಿಯಬಾರದು. ಅವನು ಹೇಳಿದ ಕೆಲಸ ಹೆಚ್ಚುಕಡಿಮೆ ಅವನು ಹೇಳಿದ ದುಡ್ಡಿಗೇ ಮುಗೀತು. ಮಿಕ್ಕ 6 ಲಕ್ಷ 89 ಸಾವಿರ ಅವನ ಲೆಕ್ಕದಲ್ಲೂ ಇರಲಿಲ್ಲ, ನನ್ನ ಲೆಕ್ಕದಲ್ಲೂ ಇರಲಿಲ್ಲ. ಆ ದುಡ್ಡಿನ ವಿಚಾರ ಬರೆಯೋಣ ಅಂತ ಕೂತಿದ್ದೇನೆ. ನಾನು ಓದಿದ್ದು ಏಳನೇ ಕ್ಲಾಸು. ಆದರೆ ಖರ್ಚು ಬರೆದಿಡೋ ಅಭ್ಯಾಸ ಅಪ್ಪನ ಕಾಲದಿಂದ ಬಂದಿದೆ. ಅದೇ ಪುಸ್ತಕ ಮುಂದಿಟ್ಟುಕೊಂಡು ಬರೆದಿದ್ದೇನೆ.

ಕೆಡವಿದ್ದು ಯಾಕೆ

ನಮ್ಮದು ಚಳ್ಳಕೆರೆ ತಾಲ್ಲೂಕು. ರಾಜ್ಯದಲ್ಲೇ ಕಡಿಮೆ ಮಳೆ ಬೀಳೋ ತಾಲ್ಲೂಕುಗಳಲ್ಲಿ ಒಂದು. 9 ಎಕರೆ ಖುಷ್ಕಿ, ಶೇಂಗಾ ಮುಖ್ಯ ಬೆಳೆ. ಮನೆ ನಮ್ಮ ತಾತ ಕಟ್ಟಿಸಿದ್ದ ಮಾಳಿಗೆ ಮನೆ. ಎರಡಡಿ ದಪ್ಪದ ಮಣ್ಣಿನ ಗೋಡೆ, ಮರದ ಕಂಬ, ತೊಲೆ, ಜಂತೆ, ಮೇಲೆ ಸೌಳು ಮಣ್ಣು. ನಮ್ಮ ಕಡೆಯ ಹಳೇ ಮನೆಗಳೆಲ್ಲಾ ಹೀಗೇ.

2022ರಲ್ಲಿ ನಮ್ಮ ಸೀಮೆಯಲ್ಲಿ ಯಾರೂ ಕಾಣದಂಥ ಮಳೆ ಬಂತು. 1933ರಲ್ಲಿ ಕೋಡಿ ಬಿದ್ದಿದ್ದ ವಾಣಿವಿಲಾಸ ಸಾಗರ 89 ವರ್ಷದ ಮೇಲೆ ಮತ್ತೆ ಕೋಡಿ ಬಿದ್ದ ವರ್ಷ ಅದು. ಮಳೆ ಬಂತು ಅಂತ ಕುಣಿದಾಡಿದೆವು. ಮಾಳಿಗೆ ಮನೆಯವರು ಮಾತ್ರ ರಾತ್ರಿ ನಿದ್ದೆ ಮಾಡಲಿಲ್ಲ. ನಮ್ಮ ಮನೆಯ ಮೂಡಲ ಗೋಡೆ ಹೊಟ್ಟೆ ಬಿಟ್ಟಿತು, ಅಡುಗೆ ಮನೆ ಮೇಲೆ ಎರಡು ಕಡೆ ಸೋರಿತು. ಅಲ್ಪ ಹಾನಿ ಅಂತ ಬರೆದುಕೊಂಡು ಹೋದರು, 50 ಸಾವಿರ ಪರಿಹಾರ ಬಂತು.

ನಿಜ ಹೇಳ್ತೀನಿ, ಆ ಗೋಡೆ ಒಂದನ್ನು ಕಿತ್ತು ಕಲ್ಲಿನಲ್ಲಿ ಕಟ್ಟಿ, ಮೇಲಿನ ಮಣ್ಣು ಬದಲಾಯಿಸಿದ್ದರೆ ಎರಡು, ಎರಡೂವರೆ ಲಕ್ಷದಲ್ಲಿ ಮನೆ ಇನ್ನೊಂದು ಇಪ್ಪತ್ತು ವರ್ಷ ಬರುತ್ತಿತ್ತು. ಆದರೆ ನಮ್ಮ ಬೀದಿಯಲ್ಲಿ ಆರ್‌ಸಿಸಿ ಆಗದೆ ಉಳಿದಿದ್ದು ಮೂರೇ ಮನೆ. ಮಗನಿಗೆ ಹೆಣ್ಣು ನೋಡೋಕೆ ಬಂದವರು ಒಳಗೆ ಬರುವಾಗ ಮಾಳಿಗೆ ಕಡೆ ನೋಡಿದ್ದನ್ನ ನಾನು ಕಂಡಿದ್ದೆ. ಅದು ಮನಸ್ಸಿನಲ್ಲಿ ಕೂತಿತು. 2023ರ ಫೆಬ್ರವರಿಯಲ್ಲಿ ಕೆಡವಿಸಿಬಿಟ್ಟೆ. ಕೈಯಲ್ಲಿ 8 ಲಕ್ಷ ಇತ್ತು. ಮಿಕ್ಕಿದ್ದಕ್ಕೆ ಆ ವರ್ಷದ ಶೇಂಗಾದಲ್ಲಿ 2 ಲಕ್ಷ, ಬೆಂಗಳೂರಿನಲ್ಲಿರೋ ಮಗ ಒಂದು ಲಕ್ಷ ಅಂತ ಲೆಕ್ಕ ಹಾಕಿದ್ದೆ. 8 ಚದರದ ಮನೆ, ಚದರಕ್ಕೆ 1 ಲಕ್ಷ 40 ಸಾವಿರ. ಲೆಕ್ಕ ಸರಿಯಾಗೇ ಕಂಡಿತು.

ಕಾಗದದಿಂದಲೇ ಖರ್ಚು ಶುರು

ಮನೆ ಖಾತೆ ಇನ್ನೂ ತಾತನ ಹೆಸರಲ್ಲೇ ಇತ್ತು. ಹಳ್ಳಿಯಲ್ಲಿ ಮುಕ್ಕಾಲು ಪಾಲು ಮನೆಗಳ ಕಥೆ ಇದೇ. ವಾಸ ಇದ್ದೀವಿ, ಕಂದಾಯ ಕಟ್ತಿದ್ದೀವಿ, ಇನ್ನೇನು ಬೇಕು ಅಂದುಕೊಂಡಿರುತ್ತೀವಿ. ಇ-ಸ್ವತ್ತು ಖಾತೆ ನಮ್ಮ ಹೆಸರಿಗೆ ಆಗದೆ ಬ್ಯಾಂಕಿನವರು ಮನೆ ಸಾಲದ ಮಾತೇ ಎತ್ತುವುದಿಲ್ಲ. ಯೋಜನೆಯ ಮನೆಗೂ ಅದೇ ತಕರಾರು.

ನನಗೆ ಒಬ್ಬ ತಮ್ಮ, ಒಬ್ಬಳು ತಂಗಿ. 2005ರ ಕಾನೂನು ತಿದ್ದುಪಡಿ ಆದಮೇಲೆ ಹೆಣ್ಣುಮಕ್ಕಳಿಗೂ ಸಮಪಾಲು ಇದೆ. ಇಬ್ಬರೂ ನನ್ನ ಮೇಲಿನ ವಿಶ್ವಾಸಕ್ಕೆ ಬಿಟ್ಟುಕೊಟ್ಟರು, ತಕರಾರು ಮಾಡಲಿಲ್ಲ. ಆದರೂ ವಂಶವೃಕ್ಷ, ಹಕ್ಕು ಬಿಡುಗಡೆ ಪತ್ರ, ನೋಂದಣಿ, ಓಡಾಟ, ತಂಗಿಗೆ ಅರಿಶಿನ ಕುಂಕುಮಕ್ಕೆ ಅಂತ ಕೊಟ್ಟ 15 ಸಾವಿರ, ಎಲ್ಲಾ ಸೇರಿ 38 ಸಾವಿರ ಆಯ್ತು. ಇದನ್ನ ಕೆಡವೋ ಮುಂಚೆಯೇ ಮಾಡಿಕೊಂಡಿದ್ದು ನಾನು ಮಾಡಿದ ಒಂದೇ ಒಳ್ಳೇ ಕೆಲಸ. ಪಕ್ಕದ ಊರಲ್ಲಿ ಒಬ್ಬರು ಗೋಡೆ ಎದ್ದಮೇಲೆ ಅಣ್ಣತಮ್ಮಂದಿರ ಜಗಳಕ್ಕೆ ಬಿದ್ದು, ಮೂರು ವರ್ಷದಿಂದ ಆ ಗೋಡೆಗಳು ಮಳೆಗೆ ನೆನೀತಾ ನಿಂತಿವೆ.

ಮಣ್ಣಿನ ಲೆಕ್ಕ ಯಾರೂ ಹಾಕೋದಿಲ್ಲ

ಕೆಡವೋದಕ್ಕೆ ಜೆಸಿಬಿ ಒಂದು ದಿನ ಸಾಕು, ಹತ್ತು ಸಾವಿರದ ಕೆಲಸ ಅಂತ ಎಲ್ಲರೂ ಹೇಳಿದ್ರು. ಕೆಡವೋದು ಸುಲಭವೇ. ಬಿದ್ದ ಮಣ್ಣು ಎಲ್ಲಿ ಹಾಕ್ತೀರಿ?

ನಮ್ಮ ಮನೆಯ ಗೋಡೆ ಒಳಗೂ ಹೊರಗೂ ಸೇರಿ 170 ಅಡಿ ಉದ್ದ, 2 ಅಡಿ ದಪ್ಪ, 9 ಅಡಿ ಎತ್ತರ. ಗುಣಿಸಿದರೆ 3,060 ಘನ ಅಡಿ. ಮಾಳಿಗೆ ಮೇಲಿನ ಮಣ್ಣು 1,000 ಚದರ ಅಡಿಗೆ ಮುಕ್ಕಾಲು ಅಡಿ ದಪ್ಪ ಅಂದರೆ 750 ಘನ ಅಡಿ. ಎರಡೂ ಸೇರಿ 3,810. ಗಟ್ಟಿಯಾಗಿದ್ದ ಮಣ್ಣು ಒಡೆದಾಗ ಸಡಿಲಾಗಿ ಕಾಲು ಭಾಗ ಹೆಚ್ಚಾಗುತ್ತೆ. ಒಂದು ಟ್ರ್ಯಾಕ್ಟರ್ ಟ್ರೇಲರಿಗೆ 100 ಘನ ಅಡಿ ಹಿಡಿದರೆ 48 ಲೋಡು. ಈ ಲೆಕ್ಕ ಹಾಕೋಕೆ ಏಳನೇ ಕ್ಲಾಸು ಸಾಕು. ಆದರೆ ನಾನು ಹಾಕಿದ್ದು ಬೀದಿ ತುಂಬ ಮಣ್ಣು ಬಿದ್ದು ಎದುರು ಮನೆಯವರು ಗಾಡಿ ತೆಗೆಯೋಕೆ ಆಗದೆ ಕೂಗಾಡಿದ ಮೇಲೆ. ಜೆಸಿಬಿ 14 ತಾಸಿಗೆ 14 ಸಾವಿರ, ಟ್ರ್ಯಾಕ್ಟರ್ 48 ಲೋಡಿಗೆ 24 ಸಾವಿರ, ತೊಲೆ ಜಂತೆ ಮುರೀದಂಗೆ ಇಳಿಸೋ ಆಳುಗಳಿಗೆ 7 ಸಾವಿರ. ಒಟ್ಟು 45 ಸಾವಿರ.

ಇದರಲ್ಲೇ ಇನ್ನೊಂದು ತಪ್ಪು ಮಾಡಿದೆ. ಮಾಳಿಗೆ ಮನೆ ಇರುವವರು ಇದನ್ನು ಗಮನ ಇಟ್ಟು ಓದಬೇಕು. ಹಳೇ ಗೋಡೆ ಮಣ್ಣು ಹೊಲಕ್ಕೆ ಒಳ್ಳೇದು ಅಂತ ಹಿರಿಯರು ಹೇಳ್ತಾರೆ, ಹಾಳು ಮಣ್ಣು ಗೊಬ್ಬರಕ್ಕೆ ಸಮ. ಆ ಮಾತು ನಿಜ. ಆದರೆ ಮಾಳಿಗೆ ಮೇಲಿನದು ಸೌಳು ಮಣ್ಣು. ನೀರು ಒಳಗೆ ಇಳಿಯಬಾರದು ಅಂತಲೇ ಅದನ್ನ ಹುಡುಕಿ ತಂದು ಹಾಕಿರುತ್ತಾರೆ. ಮನೆ ಮೇಲೆ ಯಾವ ಗುಣಕ್ಕೆ ಅದು ಒಳ್ಳೇದೋ ಹೊಲದಲ್ಲಿ ಅದೇ ಗುಣಕ್ಕೆ ಕೆಟ್ಟದ್ದು. ನಾನು ಗೋಡೆ ಮಣ್ಣು, ಮಾಳಿಗೆ ಮಣ್ಣು ಬೇರೆ ಮಾಡದೆ ಹೊಲದ ಮೂಲೆಗೆ ಸುರಿಸಿ ಹರಡಿಸಿದೆ. ಆಮೇಲೆ ಹಾಕಿದ ಶೇಂಗಾ ಹತ್ತು ಗುಂಟೆಯಲ್ಲಿ ಮೇಲೇ ಬರಲಿಲ್ಲ. ಮಳೆ ಬಿದ್ದರೆ ನೀರು ನಿಲ್ಲುತ್ತೆ, ಒಣಗಿದರೆ ಹಪ್ಪಳದ ಹಾಗೆ ಮೇಲೆ ಪದರ ಕಟ್ಟುತ್ತೆ. ಈಗ ಆ ಜಾಗಕ್ಕೆ ಜಿಪ್ಸಂ, ತಿಪ್ಪೆ ಗೊಬ್ಬರ ಹಾಕ್ತಾ ಇದ್ದೇನೆ. ಕೆಡವೋವಾಗ ಮೊದಲು ಮಾಳಿಗೆ ಮಣ್ಣು ಇಳಿಸಿ ಬೇರೆ ಸಾಗಿಸಿ, ಆಮೇಲೆ ಗೋಡೆಗೆ ಕೈ ಹಾಕಿ. ಸೌಳು ಮಣ್ಣನ್ನು ಊರಲ್ಲಿ ಇನ್ನೂ ಮಾಳಿಗೆ ಮನೆ ಇಟ್ಟುಕೊಂಡಿರುವವರಿಗೆ ಕೊಟ್ಟರೆ ಅವರು ಖುಷಿಯಿಂದ ಒಯ್ಯುತ್ತಾರೆ.

ನೆಲದ ಒಳಗಿನ ಖರ್ಚು

ಪಾಯ ಮೂರೂವರೆ ಅಡಿಗೆ ಸಾಕು, ನಿಮ್ಮದು ಗೊರಚು ನೆಲ ಅಂತ ಮೇಸ್ತ್ರಿ ಹೇಳಿದ್ದ. ನಡುಮನೆ ಇದ್ದ ಜಾಗದಲ್ಲಿ ತೋಡೋವಾಗ ಹಾರೆ ಧಡ್ ಅಂತ ಒಳಗೆ ಹೋಯ್ತು. ನೋಡಿದರೆ ಹಗೇವು! ತಾತನ ಕಾಲದಲ್ಲಿ ರಾಗಿ, ಜೋಳ ತುಂಬಿ ಬಾಯಿ ಮುಚ್ಚುತ್ತಿದ್ದದ್ದು. ಅಪ್ಪ ಯಾವಾಗಲೋ ಕಲ್ಲು ಚಪ್ಪಡಿ ಹಾಕಿ ಮುಚ್ಚಿದ್ದ, ನಾವೆಲ್ಲ ಮರೆತಿದ್ದೆವು. ಮನೆಯ ಎರಡು ಗೋಡೆ ಅದರ ಮೇಲೇ ಬರಬೇಕಿತ್ತು. ಪೂರ್ತಿ ಬಾಯಿ ತೆಗೆದು, ಕಲ್ಲು ಗೊರಚು ಪದರ ಪದರವಾಗಿ ತುಂಬಿ ದಮ್ಮಸ್ಸು ಮಾಡಿ, ಮೇಲೆ ಕಾಂಕ್ರೀಟ್ ಬೆಡ್ ಹಾಕಬೇಕಾಯ್ತು. 74 ಸಾವಿರ.

ಹಳೇ ಮನೆ ಜಾಗದ ಕೆಳಗೆ ಏನಿದೆ ಅಂತ ಊರಿನ ವಯಸ್ಸಾದವರನ್ನು ಕೇಳಿ. ಹಗೇವು, ಹಾಳು ಬಾವಿ, ಹಳೇ ಗೊಬ್ಬರದ ಗುಂಡಿ, ಏನಾದರೂ ಇರಬಹುದು. ಕೆಡವೋ ಮುಂಚೆ ನಾಲ್ಕು ಮೂಲೆಗೆ ಒಂದೊಂದು ಗುಂಡಿ, ನಡುವೆ ಒಂದು ಗುಂಡಿ ತೋಡಿಸಿ ನೋಡಿ. ಒಂದು ದಿನದ ಕೂಲಿ ಅಷ್ಟೆ. ಎರೆ ನೆಲದವರಿಗೆ ಇದು ಇನ್ನೂ ಮುಖ್ಯ. ಎರೆ ಮಣ್ಣು ನೆನೆದರೆ ಉಬ್ಬುತ್ತೆ, ಒಣಗಿದರೆ ಬಿರಿಯುತ್ತೆ. ಪಾಯ ಅದನ್ನು ದಾಟಿ ಗಟ್ಟಿ ನೆಲಕ್ಕೆ ಮುಟ್ಟದಿದ್ದರೆ ಗೋಡೆ ಸೀಳುತ್ತೆ. ಪಾಯದ ಒಳಗೆ ತುಂಬೋಕೂ ಎರೆ ಮಣ್ಣು ಬೇಡ, ಗೊರಚು ತರಿಸಿ.

ಮನುಷ್ಯರಿಗೆ ಮಾತ್ರ ಪ್ಲಾನು

ನನ್ನ ಲೆಕ್ಕ ತಪ್ಪಿದ್ದರಲ್ಲಿ ಇದೇ ದೊಡ್ಡದು. ಪ್ಲಾನು ಬರೆದ ಹುಡುಗ ಓದಿದವನು, ಒಳ್ಳೆಯವನೇ. ಹಾಲು, ಅಡುಗೆ ಮನೆ, ಎರಡು ರೂಮು, ದೇವರ ಮೂಲೆ, ಬಚ್ಚಲು ಎಲ್ಲಾ ಚಂದಾಗಿ ಬರೆದ. ನಾನು ತಲೆ ಆಡಿಸಿದೆ. ನಮ್ಮನೆಯಾಕೆ ಕಾಗದ ನೋಡಿ ಒಂದೇ ಮಾತು ಕೇಳಿದಳು: “ಎಲ್ಲಾ ಸರಿ ರೀ, ಬೀಜದ ಶೇಂಗಾ ಎಲ್ಲಿಡ್ತೀರಿ?”

ನಾನು ನಕ್ಕು ಸುಮ್ಮನಾದೆ. ನಗಬಾರದಿತ್ತು. ಹಳೇ ಮನೆಯಲ್ಲಿ ಬಾಗಿಲು ದಾಟಿದ ಕೂಡಲೇ ಎಡಕ್ಕೆ ಕೊಟ್ಟಿಗೆ. ಎರಡು ಎತ್ತು, ಒಂದು ಹಸು, ಕರ ಒಳಗೇ ಕಟ್ಟುತ್ತಿದ್ದೆವು. ಅಟ್ಟದ ಮೇಲೆ ಬೀಜ, ಈರುಳ್ಳಿ. ಗೋಡೆ ಪಕ್ಕ ಕಾಳಿನ ವಾಡೆಗಳು. ಪಡಸಾಲೆಯಲ್ಲಿ ಕೂರಿಗೆ, ಕುಂಟೆ, ಹಗ್ಗ, ಚೀಲ. ಮಳೆ ಬಂದರೆ ಕಣದ ಮಾಲು ಅಲ್ಲೇ ತಂದು ಸುರೀತಿದ್ದೆವು. ಒಕ್ಕಲುತನಕ್ಕೆ ಬೇಕಾದ್ದೆಲ್ಲ ಆ ಒಂದೇ ಸೂರಿನ ಕೆಳಗೆ ಇತ್ತು. ಚದರಕ್ಕೆ 1 ಲಕ್ಷ 40 ಸಾವಿರದ ಹೊಸ ಮನೆಯಲ್ಲಿ ಮಲಗೋಕೆ ಜಾಗ ಇದೆ, ಒಕ್ಕಲುತನಕ್ಕೆ ಜಾಗ ಇಲ್ಲ.

ಆಮೇಲೆ ಮನೆ ಹಿಂದೆ ಬೇರೆ ಕೊಟ್ಟಿಗೆ, ಕಾಳಿಗೊಂದು ಸಣ್ಣ ರೂಮು, ನೀರಿನ ತೊಟ್ಟಿ, ಶೌಚದ ಗುಂಡಿ, ಮೇಲೆ ಹತ್ತೋಕೆ ಮೆಟ್ಟಿಲು, ಮುಂದೆ ಜಗಲಿ, ಇಷ್ಟೂ ಮಾಡಿಸಬೇಕಾಯ್ತು. ಮೇಸ್ತ್ರಿಯ ಲೆಕ್ಕದಲ್ಲಿ ಯಾವುದೂ ಇರಲಿಲ್ಲ. ಕೇಳಿದ್ದಕ್ಕೆ, “ನೀವು ಮನೆ ಅಂದ್ರಿ ಯಜಮಾನ್ರೇ, ನಾನು ಮನೆ ಲೆಕ್ಕ ಹೇಳಿದೆ” ಅಂದ. 1 ಲಕ್ಷ 35 ಸಾವಿರ.

ಕಟ್ಟೋವರೆಗೆ ಇರೋದು ಎಲ್ಲಿ

ಊರ ಹೊರಗಿನ ಕಣದಲ್ಲಿ ತಗಡಿನ ಶೆಡ್ಡು ಹಾಕಿಕೊಂಡೆವು. ಒಂದು ಕಡೆ ನಾವು, ಒಂದು ಕಡೆ ದನ. ತಗಡು, ಗಳ, ಆಳು, ಕರೆಂಟಿನ ವೈರು ಸೇರಿ 52 ಸಾವಿರ. ಆರು ತಿಂಗಳು ಅಂತ ಹೋದವರು 21 ತಿಂಗಳು ಇದ್ದೆವು. ಮೊದಲ ವರ್ಷದ ಬೀಜದ ಶೇಂಗಾ ಆ ತಗಡಿನ ಕಾವಿಗೆ ಹಾಳಾಗಿ ಮೊಳಕೆ ಸರಿಯಾಗಿ ಬರಲಿಲ್ಲ, ಹೊರಗಿನಿಂದ ಬೀಜ ತಂದೆ. ಇಲಿ ತಿಂದದ್ದು ಬೇರೆ. ಇದನ್ನ ನಾನು ಮನೆ ಖರ್ಚಿಗೆ ಬರೆದಿಲ್ಲ, ಬರೆಯಬೇಕಿತ್ತು.

ನೀರಿನ ಮಾತು ಹೇಳಲೇಬೇಕು. ಸಿಮೆಂಟಿನ ಕೆಲಸಕ್ಕೆ ನೀರು ಕುಡಿಸಿದಷ್ಟೂ ಗಟ್ಟಿ. ಗೋಡೆಗೆ ದಿನಾ ನೀರು ಹೊಡೀಬೇಕು. ಮೋಲ್ಡಿನ ಮೇಲೆ ಮಡಿ ಕಟ್ಟಿ ಹತ್ತು ಹದಿನಾಲ್ಕು ದಿನ ನೀರು ನಿಲ್ಲಿಸಬೇಕು. 800 ಚದರ ಅಡಿ ಮೋಲ್ಡಿನ ಮೇಲೆ ಎರಡು ಅಂಗುಲ ನೀರು ನಿಲ್ಲಿಸೋಕೆ 3,700 ಲೀಟರಿಗೂ ಮೇಲೆ ಬೇಕು, ಅಂದರೆ ಹತ್ತಿರ ಹತ್ತಿರ ಒಂದು ಟ್ಯಾಂಕರು. ಬೇಸಿಗೆಯಲ್ಲಿ ಅದು ದಿನ ದಿನ ಇಂಗಿ ಆರಿ ಹೋಗುತ್ತೆ. ಕುಡಿಯೋ ನೀರಿಗೇ ಸಾಲು ನಿಲ್ಲೋ ಊರಲ್ಲಿ ನಲ್ಲಿ ನೀರು ಮನೆ ಕೆಲಸಕ್ಕೆ ಬಿಡೋದಿಲ್ಲ, ಬಿಡಬಾರದು ಕೂಡ. 60 ಟ್ಯಾಂಕರು, 600 ರೂಪಾಯಿಯಂತೆ 36 ಸಾವಿರ. ತಾತ್ಕಾಲಿಕ ಕರೆಂಟು, ಹೊಸ ಮೀಟರು, ಅದರ ಓಡಾಟಕ್ಕೆ 18 ಸಾವಿರ.

ಇನ್ನು ಆಳುಗಳ ಟೀ ತಿಂಡಿ, ಗುದ್ದಲಿ ಪೂಜೆ, ಬಾಗಿಲು ಇಟ್ಟ ದಿನ, ಮೋಲ್ಡ್ ದಿನದ ಕುರಿ ಊಟ, ಮೇಸ್ತ್ರಿಗೆ ಬಟ್ಟೆ. ಬೇಡ ಅನ್ನೋಕೆ ಆಗೋದಿಲ್ಲ, ಚಿಲ್ಲರೆ ಖರ್ಚು ಅಂತ ಬಿಡೋಕೂ ಆಗೋದಿಲ್ಲ. 48 ಸಾವಿರ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ ನೂರಕ್ಕೆ 28ರಿಂದ 18ಕ್ಕೆ ಇಳಿದಿದೆ. ಈಗ ಮನೆ ಅಗ್ಗ ಆಯ್ತು ಅಂತ ಹೇಳೋರಿದ್ದಾರೆ. ನನ್ನ ಮನೆಗೆ ಹಿಡಿದದ್ದು 320 ಚೀಲ. ಚೀಲಕ್ಕೆ 30 ರೂಪಾಯಿ ಉಳಿದರೂ 9,600 ರೂಪಾಯಿ. ಟೀ ಊಟದ ಖರ್ಚು ಅದರ ಐದರಷ್ಟು. ಸಿಮೆಂಟು ಕಬ್ಬಿಣದ ರೇಟು ನೋಡಿ ಮನೆ ಲೆಕ್ಕ ಹಾಕೋರು ಇದನ್ನ ಯೋಚನೆ ಮಾಡಬೇಕು.

ಬರ ಬಂತು

2023ರ ಜೂನ್ ಹೊತ್ತಿಗೆ ಗೋಡೆ ಲಿಂಟಲ್ಲಿಗೆ ಬಂದಿತ್ತು. ಕೈಯಲ್ಲಿದ್ದದ್ದು ಕರಗಿತ್ತು. ಮಳೆ ತಡವಾಯ್ತು, ಇದ್ದ ಹದದಲ್ಲೇ ಶೇಂಗಾ ಬಿತ್ತಿದೆವು. ಆಗಸ್ಟ್ ಪೂರ್ತಿ ಆಕಾಶ ನೋಡಿದ್ದೇ ಬಂತು. 1901ರಿಂದೀಚೆಗೆ ದೇಶದಲ್ಲಿ ಅಷ್ಟು ಒಣಗಿದ ಆಗಸ್ಟ್ ಇರಲಿಲ್ಲವಂತೆ. ಸೆಪ್ಟೆಂಬರಿನಲ್ಲಿ ಸರ್ಕಾರ 195 ತಾಲ್ಲೂಕು ಬರಪೀಡಿತ ಅಂತ ಸಾರಿತು, ಆಮೇಲೆ ಅದು 223ಕ್ಕೆ ಹೋಯ್ತು. ನಮಗೆ ಬೀಜದಷ್ಟೂ ವಾಪಸ್ ಬರಲಿಲ್ಲ. ಹೊಟ್ಟು ಮಾತ್ರ ದನಕ್ಕಾಯ್ತು.

ಕೆಲಸ ನಿಂತಿತು. ಏಳು ತಿಂಗಳು ಸೂರಿಲ್ಲದ ಗೋಡೆಗಳು ಹಾಗೇ ನಿಂತವು. ಮೇಸ್ತ್ರಿ ಎಷ್ಟು ದಿನ ಕಾಯ್ತಾನೆ, ಬೇರೆ ಕಡೆ ಹೋದ. ಶೆಡ್ಡಿನಲ್ಲಿಟ್ಟ 18 ಚೀಲ ಸಿಮೆಂಟು ಕಲ್ಲಾಯ್ತು. ಹೊರಗೆ ಬಿಟ್ಟಿದ್ದ ಕಬ್ಬಿಣ ತುಕ್ಕು ಹಿಡಿದು ಉಜ್ಜಿಸಬೇಕಾಯ್ತು. ಹೊಸ ಮೇಸ್ತ್ರಿ ಹಳಬನ ಕೆಲಸದಲ್ಲಿ ತಪ್ಪು ಹುಡುಕಿ ಕೂಲಿ ಹೆಚ್ಚು ಕೇಳಿದ. ನಿಂತದ್ದಕ್ಕೇ 62 ಸಾವಿರ ದಂಡ.

2024ರ ಏಪ್ರಿಲ್‌ನಲ್ಲಿ ನೂರಕ್ಕೆ ತಿಂಗಳಿಗೆ 2 ರೂಪಾಯಿಯಂತೆ 3 ಲಕ್ಷ ಕೈಸಾಲ ತಂದೆ. ತಿಂಗಳಿಗೆ 6 ಸಾವಿರ, 16 ತಿಂಗಳಿಗೆ 96 ಸಾವಿರ ಬಡ್ಡಿ. ನಮ್ಮನೆಯಾಕೆಯ ಒಡವೆ ಬ್ಯಾಂಕಿಗೆ ಹೋಯ್ತು, ಅದರ ಬಡ್ಡಿ ಮಗ ಕಟ್ಟುತ್ತಿದ್ದಾನೆ, ಇಲ್ಲಿ ಸೇರಿಸಿಲ್ಲ. ಎತ್ತಿನ ಜೋಡಿ ಮಾರಿದೆ. ಹನ್ನೊಂದು ವರ್ಷ ನಮ್ಮ ಮನೆಯೊಳಗೇ ಇದ್ದ ಎತ್ತುಗಳು. ಕೊಂಡವರು ಬಿಚ್ಚಿಕೊಂಡು ಹೋಗುವಾಗ ಅವು ಕಣದ ದಾರಿ ಹಿಡಿಯದೆ ಹಳೇ ಮನೆ ಬೀದಿಗೆ ತಿರುಗಿದವು. ಈಗ ಉಳುಮೆಗೆ, ಬಿತ್ತನೆಗೆ ಟ್ರ್ಯಾಕ್ಟರ್ ಬಾಡಿಗೆ ಕೊಡುತ್ತಿದ್ದೇನೆ. ಅದೂ ಪ್ರತಿ ವರ್ಷದ ಮನೆ ಖರ್ಚೇ, ಮುಗಿಯೋ ಲೆಕ್ಕ ಅಲ್ಲ.

2024ರ ನವೆಂಬರಿನಲ್ಲಿ ಗೃಹಪ್ರವೇಶ. ಸಣ್ಣದಾಗಿ ಮಾಡೋಣ ಅಂದುಕೊಂಡು 85 ಸಾವಿರ.

ಎಲ್ಲಾ ಕೂಡಿಸಿದರೆ

ಮೇಸ್ತ್ರಿಯ ಲೆಕ್ಕದ ಹೊರಗಿನ ಖರ್ಚು, ರೂಪಾಯಿಗಳಲ್ಲಿ:

ಕಾಗದ ಪತ್ರ, ಖಾತೆ: 38,000
ಕೆಡವಿದ್ದು, ಮಣ್ಣು ಸಾಗಿಸಿದ್ದು: 45,000
ಶೆಡ್ಡು: 52,000
ಹಗೇವು ತುಂಬಿದ್ದು, ಹೆಚ್ಚಿನ ಪಾಯ: 74,000
ನೀರು: 36,000
ಕರೆಂಟು: 18,000
ಟೀ, ಊಟ, ಪೂಜೆ: 48,000
ಕೊಟ್ಟಿಗೆ, ಕಾಳಿನ ರೂಮು, ಗುಂಡಿ, ತೊಟ್ಟಿ, ಮೆಟ್ಟಿಲು, ಜಗಲಿ: 1,35,000
ಕೆಲಸ ನಿಂತ ದಂಡ: 62,000
ಬಡ್ಡಿ: 96,000
ಗೃಹಪ್ರವೇಶ: 85,000
ಒಟ್ಟು: 6,89,000

ಮೇಸ್ತ್ರಿಯ ಪ್ರತಿ ನೂರು ರೂಪಾಯಿಗೆ ಇನ್ನೂ 61 ರೂಪಾಯಿ ಹೊರಗಡೆ. ಬರ ಬಾರದೆ, ಕೆಲಸ ನಿಲ್ಲದೆ, ಬಡ್ಡಿ ಬೀಳದೆ ಇದ್ದಿದ್ದರೂ 5 ಲಕ್ಷ 31 ಸಾವಿರ ಆಗೇ ಆಗುತ್ತಿತ್ತು. ಅಂದರೆ ಹತ್ತಿರ ಹತ್ತಿರ ಅರ್ಧ. ಇದರಲ್ಲಿ ಯಾವುದೂ ಕಣ್ಣಿಗೆ ಕಾಣದ ಖರ್ಚಲ್ಲ. ನಾವು ನೋಡೋದಿಲ್ಲ, ಯಾರೂ ಕೂಡಿಸಿ ಹೇಳೋದಿಲ್ಲ.

ನನ್ನ ಅಭಿಪ್ರಾಯ

ಮನೆ ಕಟ್ಟಬೇಡಿ ಅಂತ ನಾನು ಹೇಳೋದಿಲ್ಲ. ಬೀಳೋ ಮನೆಯಲ್ಲಿ ಮಕ್ಕಳನ್ನು ಮಲಗಿಸಬೇಡಿ. ಆದರೆ ಖುಷ್ಕಿ ಬೇಸಾಯದವರು ಕೆಡವೋ ಮುಂಚೆ ಈ ಮಾತುಗಳನ್ನು ಯೋಚಿಸಬೇಕು.

ಒಂದು, ಮೇಸ್ತ್ರಿ ಹೇಳಿದ್ದಕ್ಕೆ ಅರ್ಧ ಸೇರಿಸಿ. ಹತ್ತು ಅಂದರೆ ಹದಿನೈದು. ಹತ್ತೇ ಇದ್ದರೆ ಆರೂವರೆಯ ಮನೆ ಕಟ್ಟಿ. ಸಣ್ಣ ಮನೆಗೆ ಆಮೇಲೆ ರೂಮು ಸೇರಿಸಬಹುದು, ಅರ್ಧಕ್ಕೆ ನಿಂತ ದೊಡ್ಡ ಮನೆಯಲ್ಲಿ ಯಾರೂ ಮಲಗೋಕಾಗೋದಿಲ್ಲ.

ಎರಡು, ಬರೋ ಬೆಳೆಯನ್ನು ಮನೆ ದುಡ್ಡಿಗೆ ಸೇರಿಸಬೇಡಿ. ನೀರಾವರಿಯವರ ಮಾತು ಬೇರೆ. ನಮ್ಮದು ಆಕಾಶ ನೋಡೋ ಬೇಸಾಯ. ಮೂರು ನಾಲ್ಕು ವರ್ಷಕ್ಕೊಂದು ಬರ ಅಂತ ಗೊತ್ತಿದ್ದೂ, ಮನೆ ಕಟ್ಟೋ ವರ್ಷ ಮಾತ್ರ ಮಳೆ ಬಂದೇ ಬರುತ್ತೆ ಅಂತ ನಂಬಿಬಿಡ್ತೀವಿ. ಮೋಲ್ಡ್ ಹಾಕೋವರೆಗಿನ ದುಡ್ಡು ಪೂರ್ತಿ ಕೈಯಲ್ಲಿದ್ದರೆ ಮಾತ್ರ ಕೆಡವಿ. ಸೂರು ಬಿದ್ದಮೇಲೆ ಗಿಲಾವು, ನೆಲ, ಬಣ್ಣ ಎರಡು ವರ್ಷ ತಡವಾದರೂ ಒಳಗೆ ಮಲಗಬಹುದು.

ಮೂರು, ಪೂರ್ತಿ ಒಟ್ಟಿಗೆ ಕೆಡವಬೇಡಿ. ಜಾಗ ಇದ್ದರೆ ಅಡುಗೆ ಮನೆ, ಕೊಟ್ಟಿಗೆ ಇರೋ ಭಾಗ ಉಳಿಸಿಕೊಂಡು ಮಿಕ್ಕ ಕಡೆ ಕಟ್ಟಿ. ನಮ್ಮ ಮನೆಯಲ್ಲಿ ಕೆಟ್ಟದ್ದು ಮೂಡಲ ಗೋಡೆ ಒಂದೇ. ಪಡುವಲ ಭಾಗ ಉಳಿಸಿಕೊಂಡಿದ್ದರೆ ಶೆಡ್ಡೂ ಬೇಕಿರಲಿಲ್ಲ, ಬೀಜವೂ ಉಳಿಯುತ್ತಿತ್ತು, ಎತ್ತೂ ಉಳಿಯುತ್ತಿದ್ದವೇನೋ.

ನಾಲ್ಕು, ಯೋಜನೆ ಮನೆ ಬರುತ್ತೆ ಅಂತ ಯಾರಾದರೂ ಬಾಯಿ ಮಾತಲ್ಲಿ ಹೇಳಿದರೆ ಹಾರೆ ಎತ್ತಬೇಡಿ. ಆದೇಶ ಕೈಗೆ ಬರಲಿ. 2016ರಲ್ಲಿ ಇಂದಿರಾ ಆವಾಸ್ ಹೋಗಿ ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಬಂದಾಗ ಬಯಲುಸೀಮೆಗೆ 1 ಲಕ್ಷ 20 ಸಾವಿರ ಅಂತ ಮಾಡಿದ್ದು ಈಗಲೂ ಅಷ್ಟೇ ಇದೆ. ಅದೂ ಕಂತು ಕಂತಾಗಿ, ಕೆಲಸದ ಫೋಟೋ ತೆಗೆದ ಮೇಲೆ. ಅಂದರೆ ಮೊದಲು ನಾವು ಖರ್ಚು ಮಾಡಬೇಕು, ಆಮೇಲೆ ದುಡ್ಡು. ಆ ಮೊದಲ ಖರ್ಚಿಗೆ ಬಡವರು ಬಡ್ಡಿ ಸಾಲ ತಂದು ಸಿಕ್ಕಿಹಾಕಿಕೊಳ್ಳೋದನ್ನ ನಾನು ನಮ್ಮ ಊರಲ್ಲೇ ನೋಡಿದ್ದೇನೆ.

ಐದು, ಪ್ಲಾನು ಬರೆಸೋವಾಗ ಮನೆ ಹೆಣ್ಣುಮಕ್ಕಳನ್ನು ಕೂರಿಸಿಕೊಳ್ಳಿ. ದನ ಎಲ್ಲಿ, ಬೀಜ ಎಲ್ಲಿ, ಸೌದೆ ಎಲ್ಲಿ, ಮಳೆಯಲ್ಲಿ ಶೇಂಗಾ ಎಲ್ಲಿ ಸುರಿಯೋದು ಅಂತ ಕೇಳೋರು ಅವರು. ಇದು ಪ್ಲಾನಿನಲ್ಲಿ ಇರದಿದ್ದರೆ ಆಮೇಲೆ ಎರಡರಷ್ಟು ಕೊಟ್ಟು ಮಾಡಿಸಬೇಕಾಗುತ್ತೆ.

ಆರು, ರಿಪೇರಿ ಲೆಕ್ಕವನ್ನೂ ಕೇಳಿ. ಮಾಳಿಗೆ ಮನೆ ಕೆಲಸ ಗೊತ್ತಿರೋ ಹಿರಿಯರು ಇನ್ನೂ ಅಲ್ಲೊಬ್ಬ ಇಲ್ಲೊಬ್ಬ ಇದ್ದಾರೆ. ಅವರನ್ನು ಒಮ್ಮೆ ಕರೆಸಿ ತೋರಿಸಿ, ಆಮೇಲೆ ಜೆಸಿಬಿಗೆ ಫೋನು ಮಾಡಿ. ನಾಲ್ಕು ಜನ ಏನಂತಾರೆ ಅನ್ನೋದಕ್ಕೆ ಕೊಡೋ ಬೆಲೆ ಎಷ್ಟು ಅಂತ ನಾನು ಮೇಲೆ ಬರೆದಿದ್ದೇನೆ.

ಈಗ ಹೊಸ ಮನೆಯಲ್ಲಿದ್ದೇವೆ. ಮಗನ ಮದುವೆ ಆಯ್ತು. ಕೈಸಾಲವನ್ನು ಮಗ ತನ್ನ ಸೊಸೈಟಿಯಲ್ಲಿ ಸಾಲ ಎತ್ತಿ ತೀರಿಸಿದ, ಆ ಕಂತು ಇನ್ನೂ ನಡೀತಾ ಇದೆ. ಮನೆ ಗಟ್ಟಿಯಾಗಿದೆ, ಸೋರೋದಿಲ್ಲ. ಏಪ್ರಿಲ್ ಮೇ ತಿಂಗಳಲ್ಲಿ ಮಾತ್ರ ಮೋಲ್ಡಿನ ಕಾವಿಗೆ ಒಳಗೆ ಮಲಗೋಕೆ ಆಗೋದಿಲ್ಲ, ಎಲ್ಲರೂ ಜಗಲಿಗೆ ಬರ್ತೀವಿ. ಹಳೇ ಮನೆಯ ಎರಡು ಕಂಬ ಮಾರದೆ ಉಳಿಸಿಕೊಂಡಿದ್ದೆ, ಅವನ್ನೇ ಜಗಲಿಗೆ ನಿಲ್ಲಿಸಿದ್ದೇನೆ.

ಮನೆ ಕೆಡವಿ ಕಟ್ಟಿದ ಬೇರೆ ರೈತರೂ ತಮ್ಮ ಲೆಕ್ಕವನ್ನ ಇದೇ ಪತ್ರಿಕೆಗೆ ಬರೆಯಬೇಕು ಅಂತ ನನ್ನ ಕೋರಿಕೆ. ಮಲೆನಾಡಿನ ಹೆಂಚಿನ ಮನೆಯವರ ಲೆಕ್ಕ ಬೇರೆ ಇರುತ್ತೆ, ಎರೆ ಸೀಮೆಯವರದ್ದು ಬೇರೆ. ನಾನು ಬಿಟ್ಟಿರೋ ಖರ್ಚು ಯಾವುದಾದರೂ ಇದ್ದರೆ ಅದನ್ನೂ ಸೇರಿಸಿ. ಇನ್ನೊಬ್ಬರು ಕೆಡವೋ ಮುಂಚೆ ಓದಿಕೊಳ್ಳಲಿ.